ಶೇಂಗಾನಿಗೆ ಬಹುವಚನ ಕೊಟ್ಟ ಡಾಕ್ಟರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಮಾತನ್ನು ಮೊದಲೇ ಬರೆದು ಹಗುರಾಗುತ್ತೇನೆ. ಇಲ್ಲದಿದ್ದರೆ ಡಾಕ್ಟರ ವಿಷಯ ಬರೆಯುವಾಗ ಇದೇ ನಡುನಡುವೆ ಬಂದು ಅಡ್ಡ ನಿಲ್ಲುತ್ತದೆ. ಮಗಳ ಮಗಳು. ಬಾಣಂತನಕ್ಕೆಂದು ಮಗಳು ಹೈದರಾಬಾದಿನ ಮಣಿಕೊಂಡದ ನಮ್ಮ ಮನೆಗೇ ಬಂದಿದ್ದಾಳೆ. ಕೂಸಿಗೆ ತಲೆತುಂಬ ಕೂದಲು, ಮುಷ್ಟಿ ಬಿಗಿ, ಮೂಗು ಮಾತ್ರ ಥೇಟ್ ನನ್ನದು. ಮೂಗಿನ ವಿಷಯ ನನ್ನ ಹೆಂಡತಿ ಒಪ್ಪುವುದಿಲ್ಲ.

“ಆ ಮೂಗು ನಿಮ್ಮದಾಗಿದ್ರ ಹೆರಿಗಿ ಇನ್ನೂ ಆಗ್ತಿದ್ದಿಲ್ಲ,” ಅನ್ನುತ್ತಾಳೆ.

ಅನ್ನಲಿ. ಈ ವಾರ ನನಗೆ ಯಾರು ಏನಂದರೂ ನಗೆಯೇ ಬರುತ್ತದೆ. ಹುಟ್ಟಿದ ಮರುದಿನ ಪೇಡೆಯ ಡಬ್ಬಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೊರಟೆ. ವಾಚ್‌ಮನ್, ಇಸ್ತ್ರಿಯವನು, ಮೇಲಿನ ಮನೆಯವರು, ನನ್ನನ್ನು ಕಂಡರಾಗದ ಕೆಳಗಿನ ಮನೆಯವರು, ಎಲ್ಲರ ಬಾಯಿಗೂ ಪೇಡೆ ಬಿತ್ತು. ಒಂದು ಡಬ್ಬಿ ಮಾತ್ರ ಎತ್ತಿಟ್ಟುಕೊಂಡಿದ್ದೆ, ನಮ್ಮ ನಾಯಿಯ ಡಾಕ್ಟರಿಗೆ. ಬಸ್ಸು ಹಿಡಿದು ಸಿಕಂದರಾಬಾದಿಗೆ ಹೋದೆ.

ದವಾಖಾನೆಯ ಷಟರ್ ಕೆಳಗಿತ್ತು. ಬೋರ್ಡು ಇರಲಿಲ್ಲ, ಅದನ್ನು ಹಿಡಿದಿದ್ದ ಮೊಳೆಗಳಿದ್ದವು. ಪಕ್ಕದ ಮೋಸಂಬಿ ರಸದವನು ನನ್ನ ಗುರುತು ಹಿಡಿದು ಗ್ಲಾಸು ಒರೆಸುತ್ತಲೇ ಹೇಳಿದ: “ಡಾಕ್ಟರ್ ಸಾಬ್ ಗುಜರ್ ಗಯೇ ನಾ, ದಸರೇ ಕೇ ಪೆಹಲೇ.”

ದಸರೆಗೂ ಮುಂಚೆಯೇ ತೀರಿಹೋಗಿದ್ದರು, ನನಗೆ ಗೊತ್ತೇ ಆಗಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಎದೆಯ ಒಂದು ಕಡೆ ಕೂಸು, ಒಂದು ಕಡೆ ಡಾಕ್ಟರು. ಅಳಬೇಕೋ ನಗಬೇಕೋ ತಿಳಿಯದೆ ಡಬ್ಬಿ ತೆರೆದೆ. ಬೀದಿನಾಯಿಯೊಂದು ಬಂದು ನನ್ನ ಮುಖ ನೋಡಿತು. ಒಂದು ಪೇಡೆ ಎತ್ತಿ ಇನ್ನೇನು ಹಾಕಬೇಕು, ಕಿವಿಯಲ್ಲಿ ಅವರ ದನಿ ಕೇಳಿದಂತಾಯಿತು: “ಖುಷಿ ನಿಂದು. ಅದನ್ನ ನಾಯಿ ಹೊಟ್ಟಿಗ್ಯಾಕ ತುಂಬತೀ?” ಪೇಡೆ ವಾಪಸು ಇಟ್ಟು ಡಬ್ಬಿಯನ್ನು ರಸದವನಿಗೆ ಕೊಟ್ಟು ಬಂದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆದದ್ದನ್ನು ತಿದ್ದಲು ದೊಡ್ಡ ಮೊಮ್ಮಗಳು, ಮಗನ ಮಗಳು ಸಿರಿಗೆ ಕೊಡೋಣವೆಂದರೆ, ಅವಳಿಗೆ ತೆಲುಗು ಬರುತ್ತದೆ, ಇಂಗ್ಲಿಷು ಬರುತ್ತದೆ, ಕನ್ನಡದಲ್ಲಿ ಬರೀ ಬೈಗುಳ ಬರುತ್ತವೆ. ಅವೂ ಅಜ್ಜಿಯಿಂದ ಕಲಿತವು. ಹಾಗಾಗಿ ತಪ್ಪಿದ್ದರೆ ಇರಲಿ.

ಡಾಕ್ಟರು ನಮ್ಮ ಕಡೆಯವರೇ. ಅವರ ಅಜ್ಜ ಬೀದರಿನಿಂದ ನೌಕರಿಗೆಂದು ಹೈದರಾಬಾದಿಗೆ ಬಂದವರಂತೆ. ಇವರು ಸರಕಾರಿ ದನದ ದವಾಖಾನೆಗಳಲ್ಲಿ ಕೆಲಸ ಮಾಡಿ, ನಿವೃತ್ತಿಯ ಮೇಲೆ ಸಿಕಂದರಾಬಾದಿನಲ್ಲಿ ಈ ಸಣ್ಣ ದವಾಖಾನೆ ಇಟ್ಟಿದ್ದರು. ಬೋರ್ಡಿನ ಮೇಲೆ ಪೇಂಟರ್ ಒಂದು ಪ್ರಾಣಿ ಬರೆದಿದ್ದ. ಕೊಂಬಿದ್ದರೆ ಆಕಳು, ಇಲ್ಲದಿದ್ದರೆ ನಾಯಿ. ಕೊಂಬಿನ ಜಾಗದಲ್ಲಿ ಬಣ್ಣ ಉದುರಿತ್ತು. “ತಿದ್ದಸೂದು ಬ್ಯಾಡ, ಎರಡಕ್ಕೂ ಆಗತೈತಿ,” ಅನ್ನುತ್ತಿದ್ದರು.

ನನಗೆ ಅವರು ಗೊತ್ತಾದದ್ದು ನನ್ನ ಟವೆಲ್ ಬನಿಯನ್ ಅಂಗಡಿಯಲ್ಲಿ. ಸ್ಟೇಷನ್ನಿನ ಹತ್ತಿರವೇ ಇತ್ತು ಅಂಗಡಿ. ತಮ್ಮ ಪೇಷಂಟುಗಳನ್ನು ಒರೆಸಲು ಟವೆಲ್ ಕೊಳ್ಳಲು ಬರುತ್ತಿದ್ದರು. ಒಂದೊಂದನ್ನೂ ಬಿಚ್ಚಿ ಗಲ್ಲಕ್ಕೆ ಉಜ್ಜಿ ನೋಡುತ್ತಿದ್ದರು. ಇಷ್ಟವಾಗದಿದ್ದರೆ ನನ್ನ ಕಡೆ ಎಸೆದು, “ಸೇಠ, ಇದು ಚುಚ್ಚತೈತಿ. ಇದನ್ನ ಮನಷ್ಯಾರಿಗೆ ಮಾರು,” ಅನ್ನುತ್ತಿದ್ದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರೆ ಇನ್ನೂ ಜೋರಾಗಿ ಅನ್ನುತ್ತಿದ್ದರು.

ಅವರದೊಂದು ಪದ್ಧತಿ. ಪ್ರಾಣಿಗಳಿಗೆಲ್ಲ ಬಹುವಚನ, ಅವುಗಳನ್ನು ತಂದವರಿಗೆಲ್ಲ ಏಕವಚನ. “ಬರ್ರಿ ಸಾಹೇಬ್ರ, ಕೂಡ್ರಿ, ಏನ್ ತ್ರಾಸ ಆಗಾಕತ್ತೈತಿ?” ಅಂತ ನಾಯಿಯನ್ನು ಕೇಳುವುದು. ಅದರ ಹಗ್ಗ ಹಿಡಿದು ನಿಂತವನು ಬಾಯಿ ತೆರೆದರೆ, “ನೀ ಸುಮ್ಮಕಿರು, ನಿನ್ನ ಕೇಳಿಲ್ಲ.” ಹಗ್ಗದ ತುದಿಯಲ್ಲಿದ್ದವನು ದೊಡ್ಡ ಕಂಪನಿಯ ಮ್ಯಾನೇಜರ್ ಆಗಿದ್ದರೂ ಅಷ್ಟೇ. ತೆಲುಗಿನವರೊಡನೆ ತೆಲುಗಿನಲ್ಲಿ, ಹಿಂದಿಯವರೊಡನೆ ಹಿಂದಿಯಲ್ಲಿ ಇದೇ ಲೆಕ್ಕ. ಸಿಟ್ಟಾಗಿ ಎದ್ದು ಹೋದವರನ್ನು ನಾನು ಕಂಡಿಲ್ಲ. ನಾಯಿಗಳು ಏಳಗೊಡುತ್ತಿರಲಿಲ್ಲ, ಡಾಕ್ಟರ ಕಾಲಿಗೆ ಒರಗಿ ಮಲಗಿಬಿಡುತ್ತಿದ್ದವು.

ತೂಕ ನೋಡುವುದು ಇನ್ನೊಂದು ತಮಾಷೆ. ತಂದವನು ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಬೇಕು, ಆಮೇಲೆ ಬರಿಗೈಲಿ ಹತ್ತಬೇಕು. ಎರಡನೆಯ ತೂಕವನ್ನು ರಸದ ಅಂಗಡಿಯವನಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದರು. ಹೆಂಗಸರಾದರೆ ಮಾತ್ರ ಕಿವಿಯಲ್ಲಿ. ಅಷ್ಟು ಮರ್ಯಾದೆ ಇತ್ತು.

ಇಂಥವರ ಕೈಗೆ ನಾವು ಸಿಕ್ಕದ್ದು ಶೇಂಗಾನಿಂದ.

ಮಂಡಿ ನೋವೆಂದು ಅಂಗಡಿ ಬಿಟ್ಟು ಮಗನ ಮನೆಯಲ್ಲಿ ಕೂತ ಹೊಸತು. ಸಿರಿಗೆ ಆಗ ಎಂಟು ವರ್ಷ. ಹಟ ಮಾಡಿ ಒಂದು ನಾಯಿಮರಿ ತರಿಸಿಕೊಂಡಳು. ಶೇಂಗಾಬೀಜದ ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು. ಶೇಂಗಾ ಅಂತಲೇ ಹೆಸರಾಯಿತು. ಮನೆಯಲ್ಲಿ ನಾಯಿ ಬೇಡವೇ ಬೇಡ ಅಂದವಳು ನನ್ನ ಹೆಂಡತಿ. ಮರಿ ಬಂದು ಅವಳ ಸೆರಗಿನ ಮೇಲೆ ಮಲಗಿದ್ದೇ ತಡ, ಕಪ್ಪು ದಾರಕ್ಕೆ ಪುಟ್ಟ ಬಟ್ಟೆಯ ಗಂಟು ಪೋಣಿಸಿ ಅದರ ಕೊರಳಿಗೆ ಇಳಿಬಿಟ್ಟು ಕಟ್ಟಿದವಳೂ ಅವಳೇ. ಬಜೆ, ಇಂಗು, ಕರ್ಪೂರ ಹಾಕಿದ ಗಂಟು. ನಮ್ಮ ಮನೆಯ ಯಾವ ಕೂಸಿಗೂ ದೃಷ್ಟಿ ತಾಗಬಾರದೆಂದು ಅದನ್ನು ಕಟ್ಟಿಯೇ ಬೆಳೆಸಿದ್ದು. ಮಗನಿಗೆ ಕಟ್ಟಿದ್ದಳು, ಮಗಳಿಗೆ ಕಟ್ಟಿದ್ದಳು, ಸಿರಿಗೂ ಕಟ್ಟಿದ್ದಳು. ಬಾಗಿಲಿಗೆ ತೋರಣ ಇದ್ದ ಹಾಗೆ, ಅದು ಇದ್ದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮರಿಗೆ ನಡುಕ ಶುರುವಾಯಿತು.

ಆಡುತ್ತ ಆಡುತ್ತ ನಿಲ್ಲುವುದು, ಬಾಯಲ್ಲಿ ಜೊಲ್ಲು, ಆಮೇಲೆ ತಲೆಯಿಂದ ಬಾಲದವರೆಗೆ ಥರಥರ. ಚಳಿಗೆ ನಡುಗಿದ ಹಾಗಲ್ಲ, ಒಳಗೆ ಯಾರೋ ಹೊಲಿಗೆ ಮಷಿನ್ ತುಳಿದ ಹಾಗೆ. ಕೆಲವು ತಾಸಿನ ಮೇಲೆ ತಾನೇ ನಿಲ್ಲುತ್ತಿತ್ತು. ಮರುದಿನ ಏನೂ ಆಗಿಲ್ಲವೆಂಬಂತೆ ನನ್ನ ಚಪ್ಪಲಿ ಕಡಿಯುತ್ತಿತ್ತು. ಮಣಿಕೊಂಡದಲ್ಲೇ ಒಂದು ಗಾಜಿನ ದವಾಖಾನೆಗೆ ಮಗ ಕರೆದುಕೊಂಡು ಹೋದ. ರಕ್ತ ನೋಡಿದರು, ಕಿವಿ ನೋಡಿದರು. ರಿಪೋರ್ಟುಗಳೆಲ್ಲ ಛಲೋ ಇದ್ದವು, ನಾಯಿ ಮಾತ್ರ ನಡುಗುತ್ತಿತ್ತು. ಮಿದುಳಿಗೆ ಬರುವ ಒಂದು ಕಾಯಿಲೆ ಇದೆ, ಅದೇ ಆಗಿದ್ದರೆ ಬದುಕುವುದು ಕಷ್ಟ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದರಂತೆ.

ಮಗ ಆ ರಾತ್ರಿ ಊಟಕ್ಕೆ ಕೂತು ಹೇಳಿದ: “ಅಪ್ಪಾ, ಇದು ಇವಳ ಕಣ್ಣ ಮುಂದ ಸಾಯೋದು ಬ್ಯಾಡ. ಈ ತಿಂಗಳದಾಗ ಕಾರಣ ಗೊತ್ತಾಗ್ಲಿಲ್ಲಂದ್ರ ನಾಯಿ ಸಾಕೋ ಆಶ್ರಮದಾಗ ಬಿಟ್ಟು ಬರ್ತೀನಿ.”

ಸಿರಿ ತಟ್ಟೆ ಎತ್ತಿಕೊಂಡು ಹೋಗಿ ಮರಿಯ ಪಕ್ಕ ನೆಲದ ಮೇಲೆ ಕೂತಳು. ಅಂದಿನಿಂದ ಅವಳ ಊಟವೂ ಅಲ್ಲೇ, ಹೋಂವರ್ಕೂ ಅಲ್ಲೇ. ನನ್ನನ್ನು ಕಂಡಾಗಲೊಮ್ಮೆ, “ತಾತಾ, ಮೀ ಡಾಕ್ಟರ್ ದಗ್ಗರಕಿ ವೆಳ್ದಾಮಾ?” ಅನ್ನುವಳು. ನಿಮ್ಮ ಡಾಕ್ಟರ ಹತ್ತಿರ ಹೋಗೋಣವಾ ಅಂತ. ಕಷ್ಟ ಬಂದರೆ ಅವಳಿಗೆ ತೆಲುಗೇ ಬರುತ್ತದೆ.

ಹೊರಡುವ ದಿನ ನನ್ನ ಹೆಂಡತಿ ಶೇಂಗಾನನ್ನು ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ಮೀಯಿಸಿದಳು. ಪೌಡರ್ ಹಾಕಿದಳು. ಕೊರಳ ಗಂಟು ಬಿಚ್ಚಿ ದೇವರ ಮುಂದಿಟ್ಟಳು. “ಡಾಕ್ಟರ್ ಓದಿದವರು, ಗಂಟು ನೋಡಿದ್ರ ನಮ್ಮನ್ನ ಹಳ್ಳಿ ಮಂದಿ ಅಂತಾರ,” ಅಂದಳು. ನಾವು ಹಳ್ಳಿ ಮಂದಿಯೇ, ಆದರೆ ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು.

ಡಾಕ್ಟರು ಮರಿಯನ್ನು ನೋಡಿದವರೇ ಕನ್ನಡಕ ಏರಿಸಿದರು.

“ಸೇಠ, ನಾಯಿ ತಂದೀಯೋ, ಮದಲಿಂಗನ್ನ ತಂದೀಯೋ?”

ಆಮೇಲೆ ಮೂಗನ್ನು ಮರಿಯ ಮೈಗೆ ಹಚ್ಚಿ ಉದ್ದಕ್ಕೂ ಮೂಸಿದರು. “ಸಾಬೂನು. ಪೌಡರ್. ಸಾಹೇಬ್ರ, ನಿಮ್ಮ ವಾಸನಿ ಎಲ್ಲಿ ಹೋತ್ರಿ? ಇಂವ ನಿಮ್ಮ ಸಾಕ್ಷಿ ಎಲ್ಲಾ ತೊಳದ ತಂದಾನ.” ನನ್ನ ಕಡೆ ತಿರುಗಿ, “ಮುಂದಿನ ಸಲ ಹೊಲಸ ಇದ್ದಂಗ ತಗೊಂಬಾ,” ಅಂದರು.

ಮರಿಯನ್ನು ನಡೆಸಿದರು, ಓಡಿಸಿದರು, ಅಂಗಾತ ಮಲಗಿಸಿ ಹೊಟ್ಟೆ ಒತ್ತಿದರು. ಏನು ತಿನ್ನುತ್ತದೆ, ಚಾಕಲೇಟು ಹಾಕುತ್ತೀಯೋ, ಇಲಿ ಪಾಷಾಣ ಇದೆಯೋ, ತಂಬಾಕು ಯಾರಾದರೂ ತಿನ್ನುತ್ತಾರೋ ಅಂತ ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆ. ನಿಜವೇ ಹೇಳಿದ್ದೆ. ಕೊನೆಗೆ, “ಯಾವಾಗ ನಡಗತಾರ?” ಅಂದರು. ನಾನು ಯೋಚನೆ ಮಾಡುತ್ತ ನಿಂತೆ. ಸಿರಿ ಥಟ್ಟನೆ ತೆಲುಗಿನಲ್ಲಿ ಹೇಳಿದಳು: “ಮಂಗಳವಾರ. ಶುಕ್ರವಾರ. ನಾನು ಸ್ಕೂಲಿಗೆ ಹೋಗುವಾಗ ಇರಲ್ಲ, ಬಂದಾಗ ಇರುತ್ತೆ.”

ಡಾಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಅವ್ವಿ, ನೀ ದೊಡ್ಡಾಕಿ ಆದಮ್ಯಾಲ ಈ ಕುರ್ಚಿ ನಿಂದು. ನಿಮ್ಮ ಅಜ್ಜನ್ನ ಮಾತ್ರ ಒಳಗ ಬಿಡಬ್ಯಾಡ.”

ಮನೆಗೆ ಬಂದು ಈ ಮಂಗಳವಾರ-ಶುಕ್ರವಾರದ ಲೆಕ್ಕ ಹೇಳಿದೆ. ನನ್ನ ಹೆಂಡತಿ ತೊಡೆ ತಟ್ಟಿಕೊಂಡಳು.

“ನಾ ಹೇಳಿದ್ದಿಲ್ಲೇನ್ರಿ? ಮಂಗಳವಾರ, ಶುಕ್ರವಾರ! ಇದು ಮಂದಿ ಕಣ್ಣು, ನೆದರು ಹತ್ತಿದ್ದ! ಅದಕ್ಕ ಅವೆರಡೂ ದಿನ ಹೊಸಾ ಕರ್ಪೂರ ಹಾಕಿ ಕಟ್ಟತೀನಿ ನಾ. ಸಂಜೀಕ ನೋಡಿದ್ರ ಗಂಟಿನಾಗ ಕರ್ಪೂರನ ಇರಂಗಿಲ್ಲ. ಅಷ್ಟೂ ನೆದರು ಹೀರಿಕೊಂಡ ಕರಗಿ ಹೋಗಿರತೈತಿ. ಇನ್ನ ಮ್ಯಾಲ ಎರಡರಷ್ಟು ಹಾಕಬೇಕು.”

ಕರ್ಪೂರ ಗಾಳಿಗಿಟ್ಟರೂ ಕರಗುತ್ತದೆ, ಅದು ನನಗೂ ಗೊತ್ತಿತ್ತು. ಆದರೂ ಅವಳ ಮಾತು ನನಗೆ ಸರಿಯೆನ್ನಿಸಿತು.

ಮುಂದಿನ ಸಲವೂ ಶೇಂಗಾ ಮಿಂದು ಪೌಡರ್ ಹಾಕಿಕೊಂಡೇ ದವಾಖಾನೆಗೆ ಹೋದ. ಹೊಲಸು ಮೈಯಲ್ಲಿ ಕಳಿಸಲು ನನ್ನ ಹೆಂಡತಿ ಸುತರಾಂ ಒಪ್ಪಲಿಲ್ಲ. ಡಾಕ್ಟರು ಈ ಸಲ ಟವೆಲಿನಲ್ಲಿ ಕೈ ಒರೆಸುತ್ತ, “ನಿಮ್ಮ ಮನ್ಯಾಗ ಚಹಾ ಹೆಂಗಿರತೈತಿ?” ಅಂದರು.

“ಛಲೋ ಇರತೈತಿ ಸಾಹೇಬ್ರ.”

“ಶುಕ್ರವಾರ ಬರ್ತೀನಿ. ಡಾಕ್ಟರ್ ಬರ್ತಾನ ಅಂತ ಮನ್ಯಾಗ ಹೇಳಬ್ಯಾಡ. ಹೇಳಿದ್ರ ನಿಮ್ಮಾಕಿ ನನಗೂ ಪೌಡರ್ ಹಚ್ಚತಾಳ.”

ಯಾರೋ ನಮ್ಮ ಕಡೆಯವರು ಚಹಾಕ್ಕೆ ಬರುತ್ತಾರೆ ಅಂತಷ್ಟೇ ಮನೆಯಲ್ಲಿ ಹೇಳಿದೆ. ಸಿರಿಗೆ ಅಂದು ಶಾಲೆಗೆ ರಜೆಯಿತ್ತು. ಮಗ, ಸೊಸೆ ಆಫೀಸಿಗೆ ಹೋಗಿದ್ದರು. ಡಾಕ್ಟರು ಹಳೇ ಬ್ಯಾಗು ಹಿಡಿದು ಬಂದರು. ಸೋಫಾ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಚಹಾ ಬಂತು, ಚೂಡಾ ಬಂತು. ಬೀದರಿನ ಮಾತು, ಟವೆಲಿನ ಮಾತು, ನನ್ನ ಮಂಡಿಯ ಮಾತು. ಅವರ ಕಣ್ಣು ಮಾತ್ರ ಊಟದ ಟೇಬಲ್ಲಿನ ಕೆಳಗಿತ್ತು.

ಅಲ್ಲಿ ಶೇಂಗಾ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಎಲೆಯಡಿಕೆ ಹಾಕಿಕೊಂಡ ಮುದುಕಿಯ ಹಾಗೆ ನಿಧಾನಕ್ಕೆ ಏನೋ ಮೆಲ್ಲುತ್ತಿದ್ದ.

“ಸಾಹೇಬ್ರ,” ಅಂದರು ಡಾಕ್ಟರು ಮೆಲ್ಲಗೆ, “ಏನ್ ತಿನ್ನಾಕತ್ತೀರಿ? ನಮಗೂ ಸ್ವಲ್ಪ ಕೊಡ್ರಿ.”

ಬಟ್ಟಲು ಕೆಳಗಿಟ್ಟು, ಮೊಣಕಾಲಿನ ಮೇಲೆ ನಡೆದು ಟೇಬಲ್ಲಿನ ಕೆಳಗೆ ಹೋದರು. ಮರಿಯ ಬಾಯಿ ಬಿಡಿಸಿ, ಒದ್ದೆಯಾದ ಗಂಟನ್ನು ಹೊರಗೆಳೆದು ಮೂಸಿದರು. ಆಮೇಲೆ ಮರಿಯ ಬಾಯನ್ನು ಮೂಸಿದರು. ಅವರ ಮುಖದಲ್ಲಿದ್ದ ತುಂಟತನ ಹಾರಿಹೋಯಿತು.

“ಕರ್ಪೂರ. ಎಷ್ಟು ಹಾಕೀದಿ ಇದರಾಗ?”

ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. “ಯಾವತ್ತೂ ಹಾಕೂದಕ್ಕಿಂತ ಎರಡರಷ್ಟು,” ಅಂದಳು.

ಅಷ್ಟರಲ್ಲಿ ನಡುಕ ಶುರುವಾಯಿತು. ಎಂದಿನದಲ್ಲ. ಮರಿ ಪಕ್ಕಕ್ಕೆ ಬಿತ್ತು, ಕಾಲು ಸೆಟೆದವು. ಸಿರಿ ಚೀರಿದಳು. ನನ್ನ ಹೆಂಡತಿ ಹಾಲು ತರಲು ಓಡಿದಳು. “ಹಾಲು ಬ್ಯಾಡ, ಹಾಲು ಬ್ಯಾಡ! ಅದು ವಿಷಾನ ಇನ್ನೂ ಜಲ್ದಿ ಏರಸತೈತಿ,” ಅಂತ ಡಾಕ್ಟರು ಕೂಗಿದರು. ಬ್ಯಾಗು ತೆರೆದು ಸೂಜಿ ಚುಚ್ಚಿದರು. ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಆಮೇಲೆ ಅದೇ ಬ್ಯಾಗಿನಿಂದ ಒಂದು ಟವೆಲ್ ತೆಗೆದು ಮರಿಯನ್ನು ಸುತ್ತಿ ಸಿರಿಯ ತೊಡೆಯ ಮೇಲಿಟ್ಟರು. ನನ್ನ ಅಂಗಡಿಯ ಟವೆಲ್. ಗಲ್ಲಕ್ಕೆ ಉಜ್ಜಿ ಪಾಸಾದದ್ದು.

“ಅವ್ವಿ, ಅಳಬ್ಯಾಡ. ಸಾಹೇಬ್ರ ಉಸಿರು ನೋಡ್ಕೋತ ಕೂಡು. ಅದು ನಿನ್ನ ಕೆಲಸ.”

ಸಂಜೆಯವರೆಗೂ ಅವರು ಎದ್ದು ಹೋಗಲಿಲ್ಲ. ಚಹಾ ಆರಿಹೋಯಿತು. ಹೊತ್ತು ಇಳಿಯುವಾಗ ಟವೆಲಿನಿಂದ ಮೊದಲು ಜೋಲುಕಿವಿ ಹೊರಬಂತು, ಆಮೇಲೆ ಮೂಗು. ಶೇಂಗಾ ಎದ್ದು ಕುಡುಕನ ಹಾಗೆ ನಡೆದು ಹೋಗಿ ಡಾಕ್ಟರ ಚಪ್ಪಲಿಗೆ ಬಾಯಿ ಹಾಕಿದ. “ಹಾಂ, ಈಗ ಆರಾಮ ಆದ್ರು,” ಅಂದರು ಡಾಕ್ಟರು.

ಸಿರಿ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ನನ್ನ ಹೆಂಡತಿ ಗೋಡೆಗೆ ಆತು ಕುಸಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ನಾನ ಕೊಲ್ಲಾಕತ್ತಿದ್ದೆ, ಅದನ್ನ ನಾನ ಕೊಲ್ಲಾಕತ್ತಿದ್ದೆ,” ಅನ್ನುತ್ತಿದ್ದಳು.

ಆಗ ಡಾಕ್ಟರು ಒಂದು ಕೆಲಸ ಮಾಡಿದರು. ಅವಳ ಎದುರು ಹೋಗಿ ಕೂತು, ಮನುಷ್ಯರಿಗೆ ಅವರು ಕೊಟ್ಟದ್ದನ್ನು ನಾನೆಂದೂ ಕೇಳಿರದ ಬಹುವಚನದಲ್ಲಿ ಮಾತಾಡಿದರು.

“ಅಕ್ಕಾರ, ನೀವು ಗಂಟು ಕಟ್ಟಿದ್ದು ಪ್ರೀತಿಲೆ. ಅದು ತಪ್ಪಲ್ಲ. ಆದ್ರ ತಪ್ಪು ಕೊರಳಿಗೆ ಕಟ್ಟೀರಿ.”

ಅವಳು ಸೆರಗು ಇಳಿಸಿದಳು.

“ನೀವ ನೋಡ್ರಿ. ಈ ಸಾಹೇಬ್ರಿಗೆ ಒಂದ ಕಿವಿ ಮ್ಯಾಲ, ಒಂದ ಕೆಳಗ. ಇವರ ಮ್ಯಾಲ ಯಾರ ಕಣ್ಣು ಬೀಳತೈತ್ರಿ? ಓಣಿ ತುಂಬ ಇವರನ್ನ ಹಿಡಕೊಂಡು, ‘ನಮ್ಮದು ನೋಡ್ರಿ, ನಮ್ಮದು ನೋಡ್ರಿ’ ಅಂತ ಎದಿ ಉಬ್ಬಿಸಿ ತಿರಗತಾನಲ್ಲ,” ಬೆರಳು ನನ್ನ ಕಡೆ ತಿರುಗಿತು, “ನೆದರು ಹತ್ತೂದು ಅವಗ. ಅವನಿಂದ ಇವರಿಗೆ. ಗಂಟು ಅವಗ ಕಟ್ರಿ. ಅಂವ ಅಗಿಯಂಗಿಲ್ಲ, ಹಲ್ಲಿಲ್ಲ.”

ಮೊದಲು ಸಿರಿ ನಕ್ಕಳು. ಅಜ್ಜಿ ಅಳುತ್ತಲೇ ನಕ್ಕಳು. ನಾನೊಬ್ಬನೇ ನಗಲಿಲ್ಲ, ಏಕೆಂದರೆ ಆಗಲೇ ಅವಳು ಕಪ್ಪು ದಾರ ಹುಡುಕುತ್ತಿದ್ದಳು.

ಮುಂದೆ ಮಂಗಳವಾರ, ಶುಕ್ರವಾರ ನನ್ನ ಕೊರಳಲ್ಲಿ ಹೊಸ ಗಂಟು. ಪಾರ್ಕಿನಲ್ಲಿ ನಾನು ಕೂತ ಬೆಂಚಿಗೆ ಯಾರಾದರೂ ಬಂದರೆ ಗಾಳಿ ಮೂಸಿ, ಇಲ್ಲಿ ಹತ್ತಿರ ಗುಡಿ ಇದೆಯೇ ಅಂತ ಕೇಳುತ್ತಿದ್ದರು. ಶೇಂಗಾನಿಗೆ ಆಮೇಲೆ ಒಂದು ದಿನವೂ ನಡುಕ ಬರಲಿಲ್ಲ. ಗಂಟು ಸ್ಥಳ ಬದಲಿಸಿದ್ದರಿಂದಲೇ ದೃಷ್ಟಿ ಹೋಯಿತು ಅಂತ ನನ್ನ ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಒಂದು ಲೆಕ್ಕಕ್ಕೆ ಅದು ನಿಜವೇ. ಸೂಜಿ ಹಾಕಿಸಲು ಹೋದಾಗಲೆಲ್ಲ ಡಾಕ್ಟರು ಮೊದಲು ಶೇಂಗಾನಿಗೆ ನಮಸ್ಕಾರ ಹೇಳಿ, ಆಮೇಲೆ ನನ್ನ ಅಂಗಿಯ ಕಾಲರಿಗೆ ಬೆರಳು ಹಾಕಿ ದಾರ ಎಳೆದು ನೋಡುತ್ತಿದ್ದರು. ದಾರ ಸಿಕ್ಕರೆ, “ಶಾಬಾಶ್. ಔಷಧ ತಪ್ಪಿಸಿಲ್ಲ.”

ಒಮ್ಮೆ ಯಾರೂ ಇಲ್ಲದಾಗ ಕೇಳಿದೆ. “ಸಾಹೇಬ್ರ, ಖರೆ ಹೇಳ್ರಿ, ನೀವು ಈ ನೆದರು ಗಿದರು ನಂಬತೀರೇನು?”

ಅವರು ನಕ್ಕರು. “ಅವತ್ತು ಆ ಹೆಣ್ಮಗಳು ಮೊಮ್ಮಗಳ ಮಾರಿ ನೋಡಾಕ ಆಗದಂಗ ಆಗಿದ್ಲು. ಅದಕ್ಕ ನನ್ನ ಬ್ಯಾಗಿನಾಗ ಸೂಜಿ ಇದ್ದಿಲ್ಲೋ ಸೇಠ. ನಿನ್ನ ಕುತ್ತಿಗಿ ಒಂದ ಕೈಗೆ ಸಿಕ್ತು.”

ಹಾಗೆ ನನ್ನ ಕುತ್ತಿಗೆ ಔಷಧವಾಯಿತು. ಕಾಲ ಕಳೆದ ಹಾಗೆ ಗಂಟು ಮರೆತುಹೋಯಿತು. ದಾರ ಹರಿದಾಗ ಯಾರೂ ಹೊಸದು ಕಟ್ಟಲಿಲ್ಲ.

ಇವತ್ತು ಕೂಸಿನ ತೊಟ್ಟಿಲು. ಮನೆತುಂಬ ಮಂದಿ. ಕೂಸನ್ನು ಮಲಗಿಸಿ ಹೆಂಗಸರು ಹಾಡಿಗೆ ಗಂಟಲು ಸರಿಮಾಡಿಕೊಳ್ಳುವಾಗ ನನ್ನ ಹೆಂಡತಿ ದೇವರ ಮನೆಯಿಂದ ಹರಿವಾಣ ಹಿಡಿದು ಬಂದಳು. ಅರಿಸಿನ, ಕುಂಕುಮ, ಅದರ ಪಕ್ಕದಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಹೊಸ ಹಳದಿ ಗಂಟು. ಸಿರಿ ಈಗ ನನ್ನ ಭುಜಕ್ಕೆ ಬರುತ್ತಾಳೆ. ಅವಳು ಥಟ್ಟನೆ ತೊಟ್ಟಿಲಿಗೆ ಅಡ್ಡ ಬಂದು ನಿಂತಳು. ತೊಟ್ಟಿಲ ಕೆಳಗಿದ್ದ ಶೇಂಗಾನೂ ಎದ್ದು ನಿಂತ. ಬಾಣಂತಿ ಮಗಳು ಗಾಬರಿಯಿಂದ ನನ್ನನ್ನು ನೋಡಿದಳು.

ನನ್ನ ಹೆಂಡತಿ ಸಿರಿಯನ್ನು ಕಂಡು, “ಸರಕೋ ಹುಚ್ಚಿ, ನನಗ ಗೊತ್ತೈತಿ,” ಅಂದಳು. ತೊಟ್ಟಿಲು ದಾಟಿ ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

“ಓಣಿ ತುಂಬ ಪೇಡೆ ಹಂಚಿ ಕುಣದೀರಿ. ಊರ ಮಂದಿ ಕಣ್ಣೆಲ್ಲಾ ನಿಮ್ಮ ಮ್ಯಾಲ ಐತಿ. ತಲಿ ಬಗ್ಗಸ್ರಿ.”

ಬಗ್ಗಿಸಿದೆ. ಕಟ್ಟಿದಳು. ಕಟ್ಟಿ, “ಆ ಕಡೆ ಹೋಗಿ ಕೂಡ್ರಿ, ಕರ್ಪೂರದ ಗಾಳಿ ಕೂಸಿಗೆ ಬಡೀಬಾರದು,” ಅಂತ ಬಾಲ್ಕನಿಗೆ ಅಟ್ಟಿದಳು. ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಹಾಡು ನಡೆದಿದೆ. ನನ್ನದೇ ಮೂಗಿನ ಕೂಸನ್ನು ಎತ್ತಿಕೊಳ್ಳುವ ಭಾಗ್ಯ ಇವತ್ತು ಊರಿಗೆಲ್ಲ ಇದೆ, ನನಗಿಲ್ಲ. ಜೊತೆಗಾದರೂ ಇರಲೆಂದು ಶೇಂಗಾನನ್ನು ಕರೆದೆ. ಬಂದ. ನನ್ನ ಕೊರಳು ಮೂಸಿದ. ಮೂಗು ಎಳೆದುಕೊಂಡು, ಬಾಲ ಮಡಚಿ, ಹಿಂದೆ ಹಿಂದೆ ಸರಿದು ಹೋಗಿ ತೊಟ್ಟಿಲ ಕೆಳಗೆ ಮಲಗಿಬಿಟ್ಟ.

“ಹೋಗ್ರಿ ಸಾಹೇಬ್ರ, ಹೋಗಿ ಕೂಸಿನ ಹತ್ತರ ಮಲಕೋರಿ,” ಅಂದೆ.